ಕಟ್ಟಡಗಳ ಛಾಯಾಗ್ರಹಣ: ನೆಟ್ಟಗೆ ನಿಲ್ಲುವ, ನಿಚ್ಚಳವಾಗಿ ಕಾಣುವ ಚಿತ್ರಕ್ಕೆ ಹಂತ ಹಂತದ ಮಾರ್ಗದರ್ಶಿ

ಕಟ್ಟಡದಷ್ಟು ತಾಳ್ಮೆಯ ವಸ್ತು ಛಾಯಾಗ್ರಾಹಕರಿಗೆ ಬೇರೆ ಸಿಗುವುದಿಲ್ಲ. ಅದು ಕಣ್ಣು ಮಿಟುಕಿಸುವುದಿಲ್ಲ, ಹಾರಿಹೋಗುವುದಿಲ್ಲ, ನಾಳೆ ಬಂದರೂ ಅಲ್ಲೇ ಇರುತ್ತದೆ. ಕ್ಯಾಮೆರಾದಿಂದ ತೆಗೆದು ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಛಾಯಾಚಿತ್ರವೂ ಕಟ್ಟಡಗಳದ್ದೇ. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1826–27ರ ಸುಮಾರಿಗೆ ತನ್ನ ಮನೆಯ ಕಿಟಕಿಯಿಂದ ಕಾಣುತ್ತಿದ್ದ ಮಾಡು, ಗೋಡೆಗಳನ್ನು ಲೋಹದ ತಗಡಿನ ಮೇಲೆ ಮೂಡಿಸಿದ. ಗಂಟೆಗಟ್ಟಲೆ ಬೆಳಕು ಬೀಳಬೇಕಿದ್ದ ಆ ಕಾಲದಲ್ಲಿ ಅಷ್ಟು ಹೊತ್ತು ಅಲುಗದೆ ನಿಲ್ಲಬಲ್ಲ ವಸ್ತುಗಳು ಹೆಚ್ಚಿರಲಿಲ್ಲ. ಇಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಚಿತ್ರ ಕೈಗೆ ಬರುತ್ತದೆ. ಆದರೂ ಹೊಸದಾಗಿ ಕಟ್ಟಡಗಳ ಚಿತ್ರ ತೆಗೆಯಲು ಹೊರಟವರಿಂದ ಎರಡು ದೂರುಗಳನ್ನು ಮತ್ತೆ ಮತ್ತೆ ಕೇಳುತ್ತೇನೆ: ಕಟ್ಟಡ ಹಿಂದಕ್ಕೆ ವಾಲಿದಂತೆ ಕಾಣುತ್ತದೆ, ದೊಡ್ಡದು ಮಾಡಿ ನೋಡಿದರೆ ಇಟ್ಟಿಗೆಯ ಸಂದು, ಕಿಟಕಿಯ ಸರಳು ಯಾವುದೂ ನಿಚ್ಚಳವಾಗಿಲ್ಲ.

ಇವೆರಡಕ್ಕೂ ದುಬಾರಿ ಲೆನ್ಸ್ ಒಂದೇ ಮದ್ದು ಎಂಬ ನಂಬಿಕೆ ವ್ಯಾಪಕವಾಗಿದೆ. ನಾನು ಅದನ್ನು ಒಪ್ಪುವುದಿಲ್ಲ. ಸಂಯೋಜನೆ ಬೇರೆ ಪಾಠ, ಸ್ಪಷ್ಟತೆ ಬೇರೆ ಪಾಠ ಎಂದು ಕಲಿಸುವ ಕ್ರಮದಲ್ಲೇ ತೊಡಕಿದೆ. ಕಟ್ಟಡದ ಚಿತ್ರದಲ್ಲಿ ಎರಡೂ ಒಂದೇ ಕಡೆಯಿಂದ ಶುರುವಾಗುತ್ತವೆ. ನೀವು ಎಲ್ಲಿ ನಿಂತಿದ್ದೀರಿ ಎಂಬುದರಿಂದ. ತಪ್ಪಾದ ಜಾಗದಲ್ಲಿ ನಿಂತು ಕ್ಯಾಮೆರಾ ಮೇಲೆತ್ತಿದರೆ ಗೆರೆಗಳು ಓರೆಯಾಗುತ್ತವೆ. ಆ ಓರೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಲು ಹೋದಾಗ ಚಿತ್ರ ಹಿಗ್ಗಿ ಸ್ಪಷ್ಟತೆಯೂ ಹೋಗುತ್ತದೆ. ಆದ್ದರಿಂದ ಈ ಬರಹದ ಕ್ರಮ ಹೀಗಿದೆ: ಮೊದಲು ನಿಲ್ಲುವ ಜಾಗ, ಆಮೇಲೆ ಲೆನ್ಸ್, ಕೊನೆಗೆ ಸೆಟ್ಟಿಂಗ್‌ಗಳು.

ಹಂತ 1: ಕ್ಯಾಮೆರಾ ಚೀಲದಲ್ಲಿರಲಿ, ಒಂದು ಸುತ್ತು ಬನ್ನಿ

ಕಟ್ಟಡದ ಸುತ್ತ ನಡೆಯಿರಿ. ಹತ್ತಿರ ಹೋಗಿ, ದೂರ ಸರಿಯಿರಿ, ಎದುರಿನ ಕಟ್ಟಡದ ಮೊದಲ ಮಹಡಿಗೆ ಹತ್ತಲು ಅವಕಾಶವಿದ್ದರೆ ಹತ್ತಿ ನೋಡಿ. ಈ ಸುತ್ತಾಟದಲ್ಲಿ ಎರಡು ವಿಷಯ ಗಮನಿಸಬೇಕು: ದೂರ ಮತ್ತು ಬೆಳಕು.

ದೂರದ ವಿಷಯದಲ್ಲಿ ಹೊಸಬರು ಸುಲಭವಾಗಿ ದಾರಿ ತಪ್ಪುತ್ತಾರೆ. ಅಗಲ ನೋಟದ ಲೆನ್ಸ್ ಆಕಾರಗಳನ್ನು ಎಳೆದು ವಿಕಾರ ಮಾಡುತ್ತದೆ, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಎಲ್ಲವನ್ನೂ ಒತ್ತಿ ಚಪ್ಪಟೆ ಮಾಡುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಆದರೆ ಒಂದು ಭಾಗ ಇನ್ನೊಂದಕ್ಕಿಂತ ಎಷ್ಟು ದೊಡ್ಡದಾಗಿ ಕಾಣಬೇಕು ಎಂಬುದನ್ನು ತೀರ್ಮಾನಿಸುವುದು ಲೆನ್ಸ್ ಅಲ್ಲ, ನೀವು ನಿಂತ ದೂರ. ಒಂದರ ಹಿಂದೆ ಒಂದರಂತೆ 5 ಮೀಟರ್ ಅಂತರದಲ್ಲಿ ಒಂದೇ ಎತ್ತರದ ಎರಡು ಕಂಬಗಳಿವೆ ಎನ್ನಿ. ಮೊದಲ ಕಂಬದಿಂದ 5 ಮೀಟರ್ ದೂರ ನಿಂತರೆ ಅದು ಹಿಂದಿನ ಕಂಬದ ಎರಡರಷ್ಟು ಎತ್ತರವಾಗಿ ಕಾಣುತ್ತದೆ. 20 ಮೀಟರ್ ದೂರ ಸರಿದರೆ ಕಾಲು ಭಾಗವಷ್ಟೇ ಹೆಚ್ಚು. ಅದೇ ಜಾಗದಲ್ಲಿ ನಿಂತು 24 ಮಿ.ಮೀ. ಲೆನ್ಸ್‌ನಲ್ಲಿ ತೆಗೆದರೂ 70 ಮಿ.ಮೀ.ನಲ್ಲಿ ತೆಗೆದರೂ ಈ ಅನುಪಾತ ಬದಲಾಗುವುದಿಲ್ಲ. (ಮಿ.ಮೀ. ಎಂಬುದು ಲೆನ್ಸಿನ ಫೋಕಲ್ ಲೆಂತ್; ಅಂಕಿ ಚಿಕ್ಕದಾದಷ್ಟೂ ನೋಟ ಅಗಲ.) 24 ಮಿ.ಮೀ. ಚಿತ್ರದ ನಡುಭಾಗವನ್ನು ಕತ್ತರಿಸಿ 70 ಮಿ.ಮೀ. ಚಿತ್ರದ ಪಕ್ಕದಲ್ಲಿಟ್ಟು ನೋಡಿ, ಅನುಮಾನ ತೀರುತ್ತದೆ.

ಹಾಗಾದರೆ ಮಾಡಬೇಕಾದದ್ದು ಇಷ್ಟು. ಹೆಬ್ಬಾಗಿಲೇ ಕಥೆಯ ನಾಯಕನಾಗಬೇಕೆಂದರೆ ಹತ್ತಿರ ಹೋಗಿ. ಇಡೀ ಕಟ್ಟಡದ ಅಳತೆ, ಮಹಡಿಗಳ ಲೆಕ್ಕಾಚಾರ, ವಾಸ್ತುಶಿಲ್ಪಿ ಇಟ್ಟ ಅನುಪಾತಗಳು ಇದ್ದಂತೆಯೇ ಕಾಣಬೇಕೆಂದರೆ ದೂರ ಹೋಗಿ. ಜಾಗ ತೀರ್ಮಾನವಾದ ಮೇಲೆ, ಅಲ್ಲಿಂದ ಬೇಕಾದಷ್ಟನ್ನು ಚೌಕಟ್ಟಿನೊಳಗೆ ಹಿಡಿಸುವ ಲೆನ್ಸ್ ಆರಿಸಿ. ಕಲಿಕೆಯ ಹಂತದಲ್ಲಿ 35ರಿಂದ 50 ಮಿ.ಮೀ. ನಡುವೆ ಕೆಲಸ ಮಾಡುವುದು ಒಳ್ಳೆಯದು. ಅತಿ ಅಗಲದ ಲೆನ್ಸ್ ಎಲ್ಲವನ್ನೂ ಒಳಗೆ ತುಂಬಿಕೊಳ್ಳುವುದರಿಂದ, ಏನನ್ನು ಬಿಡಬೇಕೆಂಬ ಯೋಚನೆಯನ್ನೇ ಅದು ನಮ್ಮಿಂದ ಕಸಿದುಕೊಳ್ಳುತ್ತದೆ.

ಇನ್ನು ಬೆಳಕು. ಬಿಸಿಲು ನೇರವಾಗಿ ಎದುರು ಗೋಡೆಗೆ ಬಿದ್ದರೆ ಬಣ್ಣ ಚೆನ್ನಾಗಿ ಕಾಣುತ್ತದೆ, ಆಳ ಮಾಯವಾಗುತ್ತದೆ. ಗೋಡೆಯನ್ನು ಸವರಿಕೊಂಡು ಓರೆಯಾಗಿ ಬಂದರೆ ಕೆತ್ತನೆ, ಗಾರೆಯ ಒರಟು, ಕಿಟಕಿ ಮೇಲಿನ ಸಜ್ಜಾದ ನೆರಳು ಎಲ್ಲವೂ ಎದ್ದು ಬರುತ್ತವೆ. ಈ ಓರೆ ಬೆಳಕು ಕಣ್ಣಿಗೆ ಸ್ಪಷ್ಟತೆಯಾಗಿಯೂ ಕಾಣುತ್ತದೆ. ಪ್ರತಿ ಇಟ್ಟಿಗೆಯ ಅಂಚಿಗೂ ಒಂದು ಕಪ್ಪು ಗೆರೆ ಸಿಕ್ಕಾಗ ಅದೇ ಲೆನ್ಸ್ ಹೆಚ್ಚು ಚುರುಕಾದಂತೆ ತೋರುತ್ತದೆ. ಮೊಬೈಲಿನ ದಿಕ್ಸೂಚಿ ತೆರೆದು ಗೋಡೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಗುರುತು ಹಾಕಿಕೊಳ್ಳಿ. ಪೂರ್ವಾಭಿಮುಖಿ ಗೋಡೆಗೆ ಬೆಳಿಗ್ಗೆ ನೇರ ಬಿಸಿಲು, ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಸವರುವ ಬಿಸಿಲು, ಆಮೇಲೆ ನೆರಳು. ಭೂಮಧ್ಯರೇಖೆಯಿಂದ ಬಹಳ ಉತ್ತರದಲ್ಲಿರುವ ಊರುಗಳಲ್ಲಿ ಉತ್ತರಾಭಿಮುಖಿ ಗೋಡೆಗೆ ಬೇಸಿಗೆಯ ತಿಂಗಳುಗಳ ಬೆಳಗು, ಸಂಜೆಗಳನ್ನು ಬಿಟ್ಟರೆ ನೇರ ಬಿಸಿಲೇ ಬೀಳುವುದಿಲ್ಲ. ಅಂಥ ಗೋಡೆಗೆ ಮೋಡದ ದಿನ ಅಥವಾ ಮುಸ್ಸಂಜೆಯೇ ಸರಿ.

ಮೋಡದ ದಿನವನ್ನು ಯಾರೂ ಹಳಿಯಬೇಕಾಗಿಲ್ಲ. ಜರ್ಮನಿಯ ಬರ್ಂಡ್ ಮತ್ತು ಹಿಲ್ಲಾ ಬೆಷರ್ ದಂಪತಿ 1959ರಿಂದ ದಶಕಗಳ ಕಾಲ ನೀರಿನ ಗೋಪುರ, ಗಣಿಯ ಕಟ್ಟೋಣ, ಕುಲುಮೆಗಳನ್ನು ಹುಡುಕಿ ಹುಡುಕಿ ಚಿತ್ರಿಸಿದರು. ನೆರಳು ಬೀಳದ ಮೋಡದ ಬೆಳಕನ್ನೇ ಅವರು ಬೇಕೆಂದು ಆರಿಸಿಕೊಂಡರು, ಎದುರಿನಿಂದಲೇ ತೆಗೆದರು. ಆಕಾರವೊಂದೇ ಮಾತಾಡಬೇಕೆಂದಾಗ ಸಪ್ಪೆ ಆಕಾಶ ಕೊರತೆಯಾಗುವುದಿಲ್ಲ.

ಹಂತ 2: ಎದುರಿನಿಂದಲೋ, ಮೂಲೆಯಿಂದಲೋ? ಒಂದನ್ನು ಗಟ್ಟಿ ಮಾಡಿಕೊಳ್ಳಿ

ಎದುರಿನಿಂದ ತೆಗೆಯುವುದಾದರೆ ಪೂರ್ತಿ ಎದುರಿನಿಂದ, ಮೂಲೆಯಿಂದ ತೆಗೆಯುವುದಾದರೆ ಧೈರ್ಯವಾಗಿ ಮೂಲೆಯಿಂದ. ಇವೆರಡರ ನಡುವೆ ನಿಂತು ತೆಗೆದ ಚಿತ್ರ ನೋಡುಗರಿಗೆ ತಪ್ಪಿನಂತೆ ಕಾಣುತ್ತದೆ. ಸಮ್ಮಿತಿಯಿರುವ ಕಟ್ಟಡದ ಎದುರು ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೂ ಕಣ್ಣು ಅದನ್ನು ಕಂಡುಹಿಡಿಯುತ್ತದೆ.

ಸರಿಯಾದ ನಡುಗೆರೆ ಕಂಡುಕೊಳ್ಳಲು ಅಂದಾಜನ್ನು ನಂಬಬೇಡಿ. ನೆಲದ ಕಲ್ಲುಹಾಸಿನ ಸಂದು, ಬಾಗಿಲ ಎರಡು ಪಡಿಗಳು ಸೇರುವ ಗೆರೆ, ಮೇಲಿನ ಕಮಾನಿನ ತುದಿ ಇವು ಮೂರೂ ಒಂದರ ಮೇಲೊಂದು ನೇರವಾಗಿ ಬರುವವರೆಗೆ ಎಡಕ್ಕೂ ಬಲಕ್ಕೂ ಸರಿಯಿರಿ. ಕಟ್ಟಡದೊಳಗಿನ ಆಳ ಕಾಣುತ್ತಿದ್ದರೆ ಇನ್ನೂ ಸುಲಭ: ಮುಂದಿನ ಬಾಗಿಲಿನ ಎರಡೂ ಬದಿಗಳಲ್ಲಿ ಹಿಂದಿನ ಗೋಡೆ ಸಮಾನವಾಗಿ ಇಣುಕಬೇಕು. ನಡುಗೆರೆ ಸಿಕ್ಕ ಮೇಲೆ ಕ್ಯಾಮೆರಾದ ಮುಖ ಗೋಡೆಗೆ ಸಮಾನಾಂತರವಾಗಿದೆಯೇ ಎಂದು ನೋಡಬೇಕು. ಕ್ಯಾಮೆರಾದಲ್ಲಿರುವ ವಿದ್ಯುನ್ಮಾನ ಮಟ್ಟ ಪಕ್ಕಕ್ಕೆ ವಾಲಿರುವುದನ್ನೂ ಮೇಲೆ ಕೆಳಗೆ ಬಾಗಿರುವುದನ್ನೂ ಹೇಳುತ್ತದೆ. ಎಡಕ್ಕೋ ಬಲಕ್ಕೋ ತಿರುಗಿರುವುದನ್ನು ಅದು ಹೇಳುವುದಿಲ್ಲ. ಅದಕ್ಕೆ ಪರದೆಯಲ್ಲಿ ಗ್ರಿಡ್ ಹಾಕಿ ಕಟ್ಟಡದ ಬುಡದ ಗೆರೆ ಮತ್ತು ಮೇಲಿನ ಪ್ಯಾರಪೆಟ್ ಗೆರೆಗಳನ್ನು ನೋಡಿ. ಎರಡೂ ಒಂದೇ ಬದಿಗೆ ಒಮ್ಮುಖವಾಗುತ್ತಿದ್ದರೆ ಆ ಬದಿ ಕ್ಯಾಮೆರಾದಿಂದ ಹೆಚ್ಚು ದೂರದಲ್ಲಿದೆ ಎಂದರ್ಥ. ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸಿ ಎರಡೂ ಗೆರೆಗಳನ್ನು ಸಮಾನಾಂತರಕ್ಕೆ ತನ್ನಿ.

ಮೂಲೆಯ ನೋಟದಲ್ಲಿ ಎರಡು ಮುಖಗಳಿಗೂ ಸಮಪಾಲು ಕೊಡಬೇಡಿ. ಮುಖ್ಯವಾದ ಮುಖಕ್ಕೆ ಮೂರರಲ್ಲಿ ಎರಡು ಪಾಲು ಸಿಕ್ಕರೆ ಚಿತ್ರಕ್ಕೆ ಒಂದು ದಿಕ್ಕು ಬರುತ್ತದೆ. ಒಂದು ಮುಖಕ್ಕೆ ಬಿಸಿಲು, ಇನ್ನೊಂದಕ್ಕೆ ನೆರಳು ಇರುವ ಹೊತ್ತಾದರೆ ಕಟ್ಟಡದ ಗಾತ್ರ ತಾನಾಗಿ ಎದ್ದು ಕಾಣುತ್ತದೆ.

ಹಂತ 3: ಲಂಬ ಗೆರೆಗಳನ್ನು ಜಾಗದಲ್ಲೇ ನೆಟ್ಟಗೆ ಮಾಡಿ

ಕಟ್ಟಡ ಹಿಂದಕ್ಕೆ ವಾಲಿದಂತೆ ಕಾಣುವುದಕ್ಕೆ ಕಾರಣ ಒಂದೇ: ತುದಿಯನ್ನು ಹಿಡಿಯಲು ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸಿದ್ದೇವೆ. ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕ) ಗೋಡೆಗೆ ಸಮಾನಾಂತರವಾಗಿ ಇರುವವರೆಗೆ ಲಂಬ ಗೆರೆಗಳು ಚಿತ್ರದಲ್ಲೂ ಸಮಾನಾಂತರವಾಗಿರುತ್ತವೆ. ಬಾಗಿಸಿದ ಕ್ಷಣದಿಂದ ಮೇಲಕ್ಕೆ ಹೋದಂತೆ ಒಂದಕ್ಕೊಂದು ಹತ್ತಿರ ಬರುತ್ತವೆ. ಲೆನ್ಸ್ ಎಷ್ಟೇ ಒಳ್ಳೆಯದಾದರೂ ಇದು ತಪ್ಪುವುದಿಲ್ಲ.

ಹಾಗಾದರೆ ಬಾಗಿಸದೆ ಎಷ್ಟು ದೂರ ಹೋಗಬೇಕು? ಇದನ್ನು ಮೊದಲೇ ಲೆಕ್ಕ ಹಾಕಬಹುದು. 20 ಮೀಟರ್ ಎತ್ತರದ, ಅಂದರೆ ಸುಮಾರು ಆರು ಮಹಡಿಯ ಕಟ್ಟಡ. ನಿಮ್ಮ ಕ್ಯಾಮೆರಾ ನೆಲದಿಂದ ಒಂದೂವರೆ ಮೀಟರ್ ಮೇಲಿದೆ. ಫುಲ್ ಫ್ರೇಮ್ (36×24 ಮಿ.ಮೀ. ಸೆನ್ಸರಿನ) ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸ್ ಹಾಕಿ, ಮಟ್ಟವಾಗಿ ಇಟ್ಟು, ಅಡ್ಡಲಾಗಿ ಹಿಡಿದರೆ ತುದಿ ಚೌಕಟ್ಟಿನೊಳಗೆ ಬರಲು ಸುಮಾರು 37 ಮೀಟರ್ ದೂರ ಬೇಕು. ಅದೇ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿದರೆ ಸುಮಾರು 25 ಮೀಟರ್ ಸಾಕು. 35 ಮಿ.ಮೀ. ಲೆನ್ಸ್ ಆದರೆ ಉದ್ದಕ್ಕೆ ಹಿಡಿದಾಗಲೂ 36 ಮೀಟರ್ ಬೇಕು. ತುದಿಯ ಮೇಲೆ ಸ್ವಲ್ಪ ಆಕಾಶ ಉಳಿಯಲು ಇನ್ನೂ ಕೆಲವು ಮೀಟರ್ ಸೇರಿಸಿಕೊಳ್ಳಿ. ಹೀಗೆ ತೆಗೆದಾಗ ಚೌಕಟ್ಟಿನ ಕೆಳಗಿನ ಅರ್ಧದ ಬಹುಪಾಲು ಬರೀ ನೆಲವೇ ಬರುತ್ತದೆ. ಬರಲಿ. ಆ ನೆಲದಲ್ಲಿ ಮಳೆನೀರಿನ ಪ್ರತಿಬಿಂಬ, ಕಲ್ಲುಹಾಸಿನ ವಿನ್ಯಾಸ, ಉದ್ದನೆಯ ನೆರಳು ಇದ್ದರೆ ಅದು ಮುನ್ನೆಲೆಯಾಗುತ್ತದೆ. ಏನೂ ಇಲ್ಲದಿದ್ದರೆ ಕತ್ತರಿಸಿ. 24 ಮೆಗಾಪಿಕ್ಸೆಲ್ ಚಿತ್ರದಲ್ಲಿ ಮೂರನೇ ಒಂದು ಭಾಗ ಹೋದರೂ 16 ಮೆಗಾಪಿಕ್ಸೆಲ್ ಉಳಿಯುತ್ತದೆ.

ಅಷ್ಟು ದೂರ ಸರಿಯಲು ಜಾಗವಿಲ್ಲದಿದ್ದರೆ ಎತ್ತರಕ್ಕೆ ಹೋಗಿ. ಎದುರಿನ ಮೆಟ್ಟಿಲು, ಮೇಲ್ಸೇತುವೆ, ಬಾಲ್ಕನಿ, ಏನಾದರೂ ಆಗಬಹುದು. ಕಟ್ಟಡದ ಅರ್ಧ ಎತ್ತರದಲ್ಲಿ ಕ್ಯಾಮೆರಾ ಇದ್ದರೆ ಮೇಲೂ ಕೆಳಗೂ ಸಮನಾಗಿ ಸಿಗುತ್ತದೆ, ಬಾಗಿಸುವ ಅಗತ್ಯವೇ ಬರುವುದಿಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಈ ಕೆಲಸಕ್ಕಾಗಿಯೇ ಇರುವ ಶಿಫ್ಟ್ ಲೆನ್ಸ್‌ಗಳ ಬಗ್ಗೆ ಕೇಳಿರುತ್ತೀರಿ. ಕ್ಯಾಮೆರಾ ಮಟ್ಟವಾಗಿಯೇ ಇರುತ್ತದೆ, ಲೆನ್ಸ್ ಮಾತ್ರ ಮೇಲಕ್ಕೆ ಜಾರುತ್ತದೆ. ಕ್ಯಾನನ್‌ನ 17 ಮತ್ತು 24 ಮಿ.ಮೀ. ಟಿಎಸ್-ಇ ಲೆನ್ಸ್‌ಗಳು ವೃತ್ತಿಪರರ ಚೀಲದಲ್ಲಿ ಸಾಮಾನ್ಯ. ಫೋಕಸ್ ಕೈಯಿಂದಲೇ ಮಾಡಬೇಕು, ಬೆಲೆಯೂ ಭಾರಿ. ಕಲಿಯುವವರು ಈಗಲೇ ಅದರ ಕಡೆ ನೋಡಬೇಕಿಲ್ಲ.

ಗೆರೆಗಳು ಓರೆಯಾಗಲೇಬೇಕು ಎಂದು ನೀವೇ ಬಯಸುವ ಸಂದರ್ಭಗಳೂ ಇವೆ. ಗೋಪುರದ ಬುಡದಲ್ಲಿ ನಿಂತು ಕತ್ತೆತ್ತಿ ನೋಡುವ ಅನುಭವವನ್ನು ಹಿಡಿಯಬೇಕೆಂದರೆ ಕ್ಯಾಮೆರಾವನ್ನು ಪೂರ್ತಿ ಎತ್ತಿ, ಗೆರೆಗಳು ಆಕಾಶದಲ್ಲಿ ಸೇರುವಷ್ಟು. ಒಂದೆರಡು ಡಿಗ್ರಿಯ ಅರೆಮನಸ್ಸಿನ ಬಾಗು ಮಾತ್ರ ಬೇಡ.

ಹಂತ 4: ಚೌಕಟ್ಟಿನ ನಾಲ್ಕು ಅಂಚುಗಳನ್ನು ಸುತ್ತಿ ಬನ್ನಿ

ಷಟರ್ ಒತ್ತುವ ಮುನ್ನ ಕಣ್ಣನ್ನು ಕಟ್ಟಡದಿಂದ ತೆಗೆದು ಚೌಕಟ್ಟಿನ ಅಂಚಿನಲ್ಲಿ ಒಂದು ಸುತ್ತು ಓಡಿಸಿ. ಅರ್ಧ ಕತ್ತರಿಸಿದ ಕಿಟಕಿ, ಮೂಲೆಯಿಂದ ಇಣುಕುವ ಕಾರಿನ ಮೂತಿ, ಕಸದ ಡಬ್ಬಿ, ಆಕಾಶದ ನಡುವೆ ಹಾದುಹೋಗುವ ತಂತಿ, ಪಕ್ಕದ ಕಟ್ಟಡದ ಒಂದು ಚೂರು ಇವೆಲ್ಲ ಸಿಗುವುದು ಅಲ್ಲಿಯೇ. ಒಂದು ವಸ್ತುವನ್ನು ಒಳಗಿಡಿ, ಇಲ್ಲವೇ ಪೂರ್ತಿ ಹೊರಗಿಡಿ. ಕಟ್ಟಡದ ತುದಿ ಚೌಕಟ್ಟಿನ ಅಂಚಿಗೆ ತಾಗಿಕೊಂಡಂತೆ ಇರಬಾರದು. ಉಸಿರಾಡುವಷ್ಟು ಆಕಾಶ ಬಿಡಿ, ಅಥವಾ ನಿರ್ಧಾರವಾಗಿ ಒಳಗೆ ಕತ್ತರಿಸಿ.

ಮನುಷ್ಯಾಕೃತಿಯೊಂದು ಇದ್ದರೆ ಅಳತೆ ತಿಳಿಯುತ್ತದೆ. ಆದರೆ ಆ ವ್ಯಕ್ತಿ ಚೌಕಟ್ಟಿನ ನಡುಭಾಗದ ಆಸುಪಾಸಿನಲ್ಲಿ ಇರಲಿ. 24 ಮಿ.ಮೀ.ಗಿಂತ ಅಗಲವಾದ ಲೆನ್ಸ್‌ಗಳಲ್ಲಿ ಅಂಚಿನ ಬಳಿ ನಿಂತವರು ಅಡ್ಡಕ್ಕೆ ಹಿಗ್ಗುತ್ತಾರೆ, ದುಂಡು ದೀಪಗಳು ಮೊಟ್ಟೆಯಾಕಾರ ತಾಳುತ್ತವೆ. ಇದು ಲೆನ್ಸಿನ ದೋಷವಲ್ಲ. ನೇರ ಗೆರೆಗಳನ್ನು ನೇರವಾಗಿ ಉಳಿಸಿಕೊಳ್ಳುವುದಕ್ಕೆ ತೆರುವ ಬೆಲೆ.

ಒಂದು ಜಾಗದಿಂದ ಇಡೀ ಕಟ್ಟಡವನ್ನು ತೆಗೆದ ಮೇಲೆ ಅಲ್ಲಿಂದಲೇ ಉದ್ದನೆಯ ಲೆನ್ಸ್ ಹಾಕಿ ಬಿಡಿಭಾಗಗಳನ್ನು ಹುಡುಕಿ. ಒಂದೇ ಅಂತರದಲ್ಲಿ ಮರುಕಳಿಸುವ ಕಿಟಕಿಗಳು, ಅವುಗಳ ನಡುವೆ ತೆರೆದಿರುವ ಒಂದೇ ಒಂದು ಕದ, ಮೆಟ್ಟಿಲ ಸುರುಳಿ, ಎರಡು ಬಗೆಯ ಕಲ್ಲುಗಳು ಸೇರುವ ಜಾಗ. ಇಡೀ ಕಟ್ಟಡದ ಚಿತ್ರ ಹಲವರ ಬಳಿ ಇರುತ್ತದೆ. ಇಂಥವು ನೋಡಿದವರ ಬಳಿ ಮಾತ್ರ ಇರುತ್ತವೆ.

ಒಳಾಂಗಣದಲ್ಲಿ ಕ್ಯಾಮೆರಾದ ಎತ್ತರವೇ ಮುಖ್ಯ. ನಿಂತ ಕಣ್ಣಿನ ಎತ್ತರದಿಂದ ತೆಗೆದರೆ ಮೇಜುಗಳ ಮೇಲ್ಭಾಗ ಹೆಚ್ಚಾಗಿ ಕಂಡು ಕೋಣೆ ಕುಗ್ಗಿದಂತಾಗುತ್ತದೆ. 1.2 ಮೀಟರ್ ಆಸುಪಾಸಿನಿಂದ ಆರಂಭಿಸಿ ನೋಡಿ. ಟ್ರೈಪಾಡ್ ಇಡಲು ಹಲವು ಕಟ್ಟಡಗಳಲ್ಲಿ ಅನುಮತಿ ಬೇಕಾಗುತ್ತದೆ, ಮೊದಲೇ ಕೇಳಿಕೊಳ್ಳಿ.

ಹಂತ 5: ಕ್ಯಾಮೆರಾ ಅಲುಗದಿರಲಿ, ಅಪರ್ಚರ್ ಅತಿಯಾಗದಿರಲಿ

ಕಟ್ಟಡ ಅಲುಗುವುದಿಲ್ಲವಾದ್ದರಿಂದ ಷಟರ್ ಎಷ್ಟು ನಿಧಾನವಾದರೂ ಚಿಂತೆಯಿಲ್ಲ, ಕ್ಯಾಮೆರಾ ಅಲುಗದಿದ್ದರೆ ಸಾಕು. ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕೆಂಬ ಅಳತೆಯಾದ ಐಎಸ್ಒ ಅನ್ನು ಅದರ ಮೂಲ ಮಟ್ಟಕ್ಕೆ, ಸಾಮಾನ್ಯವಾಗಿ 100ಕ್ಕೆ, ಇಳಿಸಿ. ಟ್ರೈಪಾಡಿನ ದಪ್ಪ ಕಾಲುಗಳನ್ನು ಮೊದಲು ಬಿಚ್ಚಿ, ನಡುಗಂಬವನ್ನು ಏರಿಸಬೇಡಿ. ಅದು ಏರಿದಷ್ಟೂ ಕಂಪನ ಹೆಚ್ಚು. ಗಾಳಿಯಿದ್ದರೆ ಕ್ಯಾಮೆರಾದ ಪಟ್ಟಿಯನ್ನು ಕಳಚಿಡಿ. ಎರಡು ಸೆಕೆಂಡಿನ ಟೈಮರ್ ಬಳಸಿ, ಬೆರಳಿನ ಒತ್ತಡ ಅಷ್ಟರಲ್ಲಿ ತಣಿಯುತ್ತದೆ. ಕನ್ನಡಿಯಿರುವ ಡಿಎಸ್ಎಲ್ಆರ್ ಆದರೆ ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆ ನೋಡುತ್ತ ತೆಗೆಯಿರಿ. ಅಲುಗಾಟ ತಡೆಯುವ ವ್ಯವಸ್ಥೆಯನ್ನು ಟ್ರೈಪಾಡ್ ಮೇಲೆ ಆರಿಸುವುದು ಸುರಕ್ಷಿತ, ಏಕೆಂದರೆ ಹಳೆಯ ಲೆನ್ಸ್‌ಗಳಲ್ಲಿ ಅದು ಇಲ್ಲದ ಅಲುಗಾಟವನ್ನು ಹುಡುಕಿಕೊಂಡು ತಾನೇ ಅಲುಗುತ್ತದೆ.

ಟ್ರೈಪಾಡ್ ಇಲ್ಲದಿದ್ದರೆ ಗೋಡೆಗೋ ಕಂಬಕ್ಕೋ ಒರಗಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ನಿಲ್ಲಿ. ಫೋಕಲ್ ಲೆಂತ್ 50 ಆದರೆ ಷಟರ್ ವೇಗ ಕನಿಷ್ಠ 1/50 ಸೆಕೆಂಡ್ ಇರಬೇಕೆಂಬ ಹಳೆಯ ಸೂತ್ರ ಫಿಲ್ಮ್ ಕಾಲದ್ದು. ಇಂದಿನ ಸೆನ್ಸರ್‌ಗಳಿಗೆ 1/100 ಇಟ್ಟುಕೊಳ್ಳಿ. ಸತತವಾಗಿ ಮೂರು ನಾಲ್ಕು ಚಿತ್ರ ತೆಗೆದರೆ ಮೊದಲನೆಯದಕ್ಕಿಂತ ನಡುವಿನವು ಹೆಚ್ಚು ಸ್ಪಷ್ಟವಾಗಿರುವುದು ಸಾಮಾನ್ಯ. ಬಿಸಿಲಿನಲ್ಲಿ ಇದಾವುದೂ ಕಷ್ಟವಲ್ಲ. ಐಎಸ್ಒ 100, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ತೂತು; ಎಫ್ ಅಂಕಿ ದೊಡ್ಡದಾದಷ್ಟೂ ಅದು ಚಿಕ್ಕದು) ಎಫ್/8 ಇಟ್ಟಾಗ ಷಟರ್ 1/400 ಆಸುಪಾಸಿನಲ್ಲಿ ಇರುತ್ತದೆ.

ಇನ್ನು ಅಪರ್ಚರ್. ಎಲ್ಲವೂ ಸ್ಪಷ್ಟವಾಗಿರಬೇಕೆಂದು ಎಫ್/22ಕ್ಕೆ ಹೋಗುವುದು ಹೊಸಬರ ಸಹಜ ತರ್ಕ. ಫಲ ಮಾತ್ರ ಉಲ್ಟಾ. ಸಣ್ಣ ತೂತಿನ ಮೂಲಕ ಹಾಯುವ ಬೆಳಕು ಹರಡುತ್ತದೆ. ಇದನ್ನು ವಿವರ್ತನೆ ಎನ್ನುತ್ತಾರೆ. ಎಫ್/8ರಲ್ಲಿ ಹಸಿರು ಬೆಳಕಿನ ಒಂದು ಬಿಂದು ಸೆನ್ಸರ್ ಮೇಲೆ ಸುಮಾರು 11 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಅಗಲದ ಚುಕ್ಕೆಯಾದರೆ, ಎಫ್/22ರಲ್ಲಿ ಅದು ಸುಮಾರು 30 ಮೈಕ್ರಾನ್‌ಗೆ ಹಿಗ್ಗುತ್ತದೆ. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಸೆನ್ಸರ್‌ನಲ್ಲಿ ಒಂದು ಪಿಕ್ಸೆಲ್ ಅಗಲ ಸುಮಾರು 6 ಮೈಕ್ರಾನ್. ಅಂದರೆ ಒಂದು ಬಿಂದು ಐದು ಪಿಕ್ಸೆಲ್‌ಗಳ ಅಗಲಕ್ಕೆ ಹರಡಿಕೊಂಡಿತು. ಕಿಟಕಿಯ ಸರಳು ಮಸುಕಾಗದೆ ಇನ್ನೇನಾಗಬೇಕು? ಫುಲ್ ಫ್ರೇಮ್‌ನಲ್ಲಿ ಎಫ್/8ರಿಂದ ಎಫ್/11, ಅದಕ್ಕಿಂತ ಚಿಕ್ಕ ಸೆನ್ಸರಿನ ಎಪಿಎಸ್-ಸಿಯಲ್ಲಿ ಎಫ್/5.6ರಿಂದ ಎಫ್/8, ಇನ್ನೂ ಚಿಕ್ಕ ಸೆನ್ಸರಿನ ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಎಫ್/4ರಿಂದ ಎಫ್/5.6, ಈ ಮಿತಿಯೊಳಗೆ ಇದ್ದರೆ ಹೆಚ್ಚಿನ ಲೆನ್ಸ್‌ಗಳು ತಮ್ಮ ಕೈಲಾದ ಅತ್ಯುತ್ತಮವನ್ನು ಕೊಡುತ್ತವೆ.

ಹಂತ 6: ಫೋಕಸ್ ಕಟ್ಟಡದ ಮೇಲೇ ಇರಲಿ

ಹತ್ತಿರದಿಂದ ಅನಂತದವರೆಗೆ ಎಲ್ಲವೂ ಸ್ಪಷ್ಟವಾಗಿರುವಂತೆ ಹೈಪರ್‌ಫೋಕಲ್ ದೂರಕ್ಕೆ ಫೋಕಸ್ ಮಾಡಿ ಎಂಬ ಸಲಹೆ ಜನಪ್ರಿಯ. 24 ಮಿ.ಮೀ., ಎಫ್/8ಕ್ಕೆ ಫುಲ್ ಫ್ರೇಮ್‌ನಲ್ಲಿ ಆ ದೂರ ಸುಮಾರು 2.4 ಮೀಟರ್. ಕೋಷ್ಟಕದ ಪ್ರಕಾರ 1.2 ಮೀಟರ್‌ನಿಂದ ಮುಂದಿನದೆಲ್ಲ ಸ್ಪಷ್ಟ. ಆದರೆ ಆ ಕೋಷ್ಟಕಗಳು 0.03 ಮಿ.ಮೀ. ಅಗಲದ ಮಸುಕನ್ನು ಸ್ಪಷ್ಟವೆಂದೇ ಒಪ್ಪುತ್ತವೆ. ಅದು ಮೇಲೆ ಹೇಳಿದ ಅದೇ ಐದು ಪಿಕ್ಸೆಲ್. 30 ಮೀಟರ್ ದೂರದ ಕಟ್ಟಡದ ಮೇಲೆ ಆ ಮಸುಕಿನ ಬಹುಪಾಲು ಬೀಳುತ್ತದೆ, ಪಾದದ ಬಳಿಯ ಹುಲ್ಲು ಮಾತ್ರ ಸ್ಪಷ್ಟವಾಗಿರುತ್ತದೆ. ಚಿತ್ರದ ವಸ್ತು ಕಟ್ಟಡವಾದ್ದರಿಂದ ಫೋಕಸ್ ಕಟ್ಟಡದ ಮೇಲೇ ಇರಬೇಕು.

ಮಾಡುವ ವಿಧಾನ: ಒಂದೇ ಫೋಕಸ್ ಬಿಂದು ಆರಿಸಿ. ಅದನ್ನು ಬಣ್ಣದ ವ್ಯತ್ಯಾಸ ಢಾಳಾಗಿರುವ ಅಂಚಿನ ಮೇಲೆ, ಅಂದರೆ ಕಿಟಕಿಯ ಚೌಕಟ್ಟು ಅಥವಾ ಫಲಕದ ಅಕ್ಷರದ ಮೇಲೆ ಇಡಿ. ಬಿಳಿಗೋಡೆಯ ನಡುವೆ ಇಟ್ಟರೆ ಆಟೊಫೋಕಸ್ ಅಲೆದಾಡುತ್ತದೆ. ಫೋಕಸ್ ಸಿಕ್ಕ ಮೇಲೆ ಪರದೆಯಲ್ಲಿ ಹಿಗ್ಗಿಸಿ ನೋಡಿ ಖಚಿತಪಡಿಸಿಕೊಂಡು ಮ್ಯಾನುವಲ್‌ಗೆ ಬದಲಾಯಿಸಿ. ಇನ್ನು ಮುಂದೆ ಅದೇ ಜಾಗದಿಂದ ಎಷ್ಟು ಚಿತ್ರ ತೆಗೆದರೂ ಅದು ಕದಲುವುದಿಲ್ಲ. ಮೂಲೆಯ ನೋಟದಲ್ಲಿ ಹತ್ತಿರದ ಮೂಲೆಗಿಂತ ಸ್ವಲ್ಪ ಹಿಂದಕ್ಕೆ ಫೋಕಸ್ ಇಡಿ. ಮುನ್ನೆಲೆಯ ಹೂಗಿಡವೂ ಕಟ್ಟಡವೂ ಎರಡೂ ಚೂಪಾಗಿ ಬೇಕೇಬೇಕೆಂದರೆ ಎರಡು ಫೋಕಸ್‌ಗಳಲ್ಲಿ ಎರಡು ಚಿತ್ರ ತೆಗೆದು ಆಮೇಲೆ ಬೆಸೆಯಬಹುದು.

ಹಂತ 7: ಬೆಳಕಿನ ಅಳತೆ ಮತ್ತು ಮುಸ್ಸಂಜೆ

ಸೆನ್ಸರ್ ಹಿಡಿದ ಮಾಹಿತಿಯನ್ನು ಹಾಗೆಯೇ ಉಳಿಸುವ ರಾ ಫೈಲಿನಲ್ಲಿ ತೆಗೆಯಿರಿ. ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು ತೋರಿಸುವ ಬೆಳಕಿನ ನಕ್ಷೆ) ಬಲಗೋಡೆಗೆ ಅಪ್ಪಳಿಸದಂತೆ ನೋಡಿಕೊಳ್ಳಿ. ಪೂರ್ತಿ ಸುಟ್ಟು ಬಿಳಿಯಾದ ಆಕಾಶ ಮರಳಿ ಸಿಗುವುದಿಲ್ಲ, ನೆರಳಿನಿಂದ ವಿವರ ಸ್ವಲ್ಪಮಟ್ಟಿಗೆ ಸಿಗುತ್ತದೆ. ಒಳಾಂಗಣದ ಕತ್ತಲು, ಕಿಟಕಿಯ ಹೊರಗಿನ ಬಿಸಿಲು ಎರಡೂ ಬೇಕಾದಾಗ ಟ್ರೈಪಾಡ್ ಮೇಲೆ ಮೂರು ಚಿತ್ರ ತೆಗೆದು ಸೇರಿಸಿ: ಸರಿಯಾದ ಅಳತೆಯದು ಒಂದು, ಎರಡು ಸ್ಟಾಪ್ ಕಡಿಮೆಯದು ಒಂದು, ಎರಡು ಸ್ಟಾಪ್ ಹೆಚ್ಚಿನದು ಒಂದು. (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ.) ಬದಲಾಯಿಸಬೇಕಾದದ್ದು ಷಟರ್ ವೇಗವನ್ನು ಮಾತ್ರ, ಅಪರ್ಚರ್ ಅನ್ನಲ್ಲ. ಒಳಗಿನ ಎಲ್ಇಡಿ ದೀಪಗಳ ಕೆಳಗೆ ವಿದ್ಯುನ್ಮಾನ ಷಟರ್ ಬಳಸಿದರೆ ಚಿತ್ರದ ಅಡ್ಡಕ್ಕೆ ಪಟ್ಟೆಗಳು ಬರಬಹುದು, ಅಲ್ಲಿ ಯಾಂತ್ರಿಕ ಷಟರ್ ಇರಲಿ.

ಸೂರ್ಯ ಮುಳುಗಿದ ಮೇಲೆ ಸ್ವಲ್ಪ ಹೊತ್ತಿಗೆ ಬರುವ ನೀಲಿ ಬೆಳಕನ್ನು ಬಿಡಬೇಡಿ. ಸೂರ್ಯ ದಿಗಂತಕ್ಕಿಂತ ನಾಲ್ಕರಿಂದ ಆರು ಡಿಗ್ರಿ ಕೆಳಗಿರುವಾಗ ಆಕಾಶದ ಪ್ರಕಾಶವೂ ಕಿಟಕಿಗಳೊಳಗಿನ ದೀಪದ ಪ್ರಕಾಶವೂ ಹೆಚ್ಚುಕಡಿಮೆ ಒಂದಕ್ಕೊಂದು ಸರಿಹೊಂದುತ್ತವೆ. ಗಾಜಿನ ಕಟ್ಟಡ ಹಗಲೆಲ್ಲ ಕನ್ನಡಿಯಂತಿದ್ದು ಆಗ ಮಾತ್ರ ತನ್ನ ಒಳಗನ್ನು ತೋರಿಸುತ್ತದೆ. ಕಾಲಾವಧಿ ಬಹಳ ಚಿಕ್ಕದು. ಬೆಳಕಿರುವಾಗಲೇ ಟ್ರೈಪಾಡ್ ಇಟ್ಟು, ಫೋಕಸ್ ಮಾಡಿ, ಚೌಕಟ್ಟು ಗಟ್ಟಿ ಮಾಡಿ ಕಾಯಬೇಕು.

ಹಗಲಲ್ಲಿ ಗಾಜಿನ ಪ್ರತಿಫಲನ ತಗ್ಗಿಸಲು ಲೆನ್ಸ್ ಮುಂದೆ ಹಾಕಿ ತಿರುಗಿಸುವ ಪೋಲರೈಸರ್ ಫಿಲ್ಟರ್ ನೆರವಾಗುತ್ತದೆ. ಗಾಜಿನ ಎದುರು ನೇರವಾಗಿ ನಿಂತರೆ ಅದರಿಂದ ಏನೂ ಆಗುವುದಿಲ್ಲ, ಓರೆಯಾಗಿ ನಿಂತಾಗ ಮಾತ್ರ ಕೆಲಸ ಮಾಡುತ್ತದೆ. ಅತಿ ಅಗಲದ ಲೆನ್ಸ್‌ಗೆ ಹಾಕಿದರೆ ಆಕಾಶದ ಒಂದು ಭಾಗ ಕಡುನೀಲಿ, ಇನ್ನೊಂದು ತೆಳುನೀಲಿ ಆಗುವುದುಂಟು.

ಹಂತ 8: ಅಲ್ಲೇ ನಿಂತು ಮಸುಕಿನ ಕಾರಣ ಪತ್ತೆಹಚ್ಚಿ

ಮನೆಗೆ ಹೋಗಿ ನೋಡೋಣ ಎನ್ನಬೇಡಿ. ತೆಗೆದ ತಕ್ಷಣ ಪರದೆಯಲ್ಲಿ ಶೇಕಡಾ 100ಕ್ಕೆ ಹಿಗ್ಗಿಸಿ ನಡುಭಾಗ, ತುದಿ, ಎರಡು ಮೂಲೆಗಳನ್ನು ನೋಡಿ. ಮಸುಕುಗಳೆಲ್ಲ ಒಂದೇ ಬಗೆಯವಲ್ಲ. ಕಾರಣಕ್ಕೆ ತಕ್ಕಂತೆ ಅವುಗಳ ಗುರುತು ಬೇರೆಯಾಗಿರುತ್ತದೆ, ಆ ಗುರುತು ಓದಲು ಕಲಿತರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಅಂಚುಗಳು ಒಂದೇ ದಿಕ್ಕಿನಲ್ಲಿ ಎಳೆದಂತೆ ಅಥವಾ ಎರಡೆರಡಾಗಿ ಕಾಣುತ್ತಿದ್ದರೆ ಕ್ಯಾಮೆರಾ ಅಲುಗಿದೆ. ಲಂಬ ಗೆರೆಗಳು ಚೂಪಾಗಿದ್ದು ಅಡ್ಡ ಗೆರೆಗಳು ಮಾತ್ರ ಮಸುಕಾಗಿದ್ದರೆ ಅಲುಗಾಟ ಮೇಲೆ ಕೆಳಗೆ ಆದದ್ದು, ಬೆರಳಿನ ಒತ್ತಡವೇ ಕಾರಣವಿರಬಹುದು. ಕಟ್ಟಡ ಮಸುಕಾಗಿ ಅದರ ಮುಂದಿನ ಮರವೋ ಹಿಂದಿನ ಗೋಪುರವೋ ಚೂಪಾಗಿದ್ದರೆ ಫೋಕಸ್ ಜಾರಿದೆ. ಎಲ್ಲವೂ ಒಂದೇ ಸಮನಾಗಿ ಸ್ವಲ್ಪ ಮೆತ್ತಗಾಗಿದ್ದರೆ ಅಪರ್ಚರ್ ನೋಡಿ, ಎಫ್/16 ದಾಟಿದ್ದೀರಾ? ಇಲ್ಲವಾದರೆ ಲೆನ್ಸ್ ಮುಂದೆ ಬೆರಳಚ್ಚು ಇದೆಯೇ ನೋಡಿ, ಅಗ್ಗದ ಫಿಲ್ಟರ್ ಇದ್ದರೆ ತೆಗೆಯಿರಿ. ನಡುಭಾಗ ಚೆನ್ನಾಗಿದ್ದು ನಾಲ್ಕು ಮೂಲೆಗಳು ಮಾತ್ರ ಸೋತಿದ್ದರೆ ಅಪರ್ಚರ್ ಅನ್ನು ಒಂದು ಸ್ಟಾಪ್ ಮುಚ್ಚಿ ನೋಡಿ, ಜೊತೆಗೆ ಕಟ್ಟಡವನ್ನು ಅಂಚಿನವರೆಗೆ ತುಂಬಿಸದೆ ತುಸು ಸಡಿಲವಾಗಿ ಚೌಕಟ್ಟು ಹಾಕಿ. ಒಂದೇ ಬದಿ ಮಸುಕಾಗಿದ್ದರೆ ಮೊದಲು ಕ್ಯಾಮೆರಾ ಗೋಡೆಗೆ ಸಮಾನಾಂತರವಾಗಿದೆಯೇ ಎಂದು ಪರೀಕ್ಷಿಸಿ. ಎಲ್ಲ ಸರಿಯಿದ್ದೂ ಪ್ರತಿ ಚಿತ್ರದಲ್ಲೂ ಅದೇ ಬದಿ ಸೋಲುತ್ತಿದ್ದರೆ ಲೆನ್ಸಿನೊಳಗಿನ ಗಾಜು ಸ್ಥಾನ ತಪ್ಪಿರುವ ಸಾಧ್ಯತೆಯಿದೆ.

ಇನ್ನೊಂದು ಬಗೆ ಬಹಳ ಮಂದಿಯ ಗಮನಕ್ಕೇ ಬರುವುದಿಲ್ಲ. ನೇರವಾಗಿರಬೇಕಾದ ಅಂಚು ಅಲೆಅಲೆಯಾಗಿ ಕಾಣುತ್ತದೆ, ಒಂದು ಚಿತ್ರದಲ್ಲಿ ಒಂದು ತರಹ, ಮುಂದಿನದರಲ್ಲಿ ಇನ್ನೊಂದು ತರಹ. ಅದು ಬಿಸಿಗಾಳಿಯ ಕೆಲಸ. ಕಾದ ರಸ್ತೆ, ವಾಹನಗಳ ಸಾಲು, ತಾರಸಿ ಇವುಗಳ ಮೇಲಿಂದ ಉದ್ದನೆಯ ಲೆನ್ಸಿನಲ್ಲಿ ದೂರದ ಕಟ್ಟಡ ತೆಗೆದಾಗ ಹೀಗಾಗುತ್ತದೆ. ಯಾವ ಲೆನ್ಸೂ ಯಾವ ಟ್ರೈಪಾಡೂ ಇದನ್ನು ನಿಲ್ಲಿಸಲಾರದು. ಬೆಳಗಿನ ತಂಪಿನಲ್ಲಿ ಬನ್ನಿ, ಅಥವಾ ಹತ್ತಿರದಿಂದ ತೆಗೆಯಿರಿ.

ಮೊಬೈಲ್ ಫೋನಿನಲ್ಲಿ ತೆಗೆಯುವವರಿಗೆ

ಮೇಲಿನ ಮೊದಲ ನಾಲ್ಕು ಹಂತಗಳು ಹಾಗೆಯೇ ಅನ್ವಯಿಸುತ್ತವೆ. ಲೆನ್ಸ್ ಒರೆಸಿ, ಗ್ರಿಡ್ ಹಾಕಿ, ಮುಖ್ಯ ಕ್ಯಾಮೆರಾವನ್ನೇ ಬಳಸಿ. ಅಗಲ ನೋಟದ ಕ್ಯಾಮೆರಾಕ್ಕೆ ಸಾಮಾನ್ಯವಾಗಿ ಚಿಕ್ಕ ಸೆನ್ಸರ್ ಇರುತ್ತದೆ, ಅಂಚುಗಳೂ ಮಸುಕು. ಬೆರಳು ಪರದೆಯ ಮೇಲೆ ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕಿನ ಅಳತೆ ಲಾಕ್ ಆಗುತ್ತವೆ. ಬೆರಳಿನಿಂದ ಹಿಗ್ಗಿಸುವ ಜೂಮ್ ಬೇಡ, ನಡೆದು ಹತ್ತಿರ ಹೋಗಿ.

ಹಂತ 9: ತಿದ್ದುವ ಕ್ರಮ

ಮೊದಲು ತಿದ್ದುವ ತಂತ್ರಾಂಶದಲ್ಲಿ ಲೆನ್ಸ್ ಪ್ರೊಫೈಲ್ (ನಿಮ್ಮ ಲೆನ್ಸಿಗೆಂದೇ ಇರುವ ಸಿದ್ಧ ತಿದ್ದುಪಡಿ) ಹಾಕಿ. ಅದು ಹೊರಕ್ಕೆ ಉಬ್ಬಿದ ಗೆರೆಗಳನ್ನು ನೇರ ಮಾಡುತ್ತದೆ. ಆಮೇಲೆ ಲಂಬ ಗೆರೆಗಳ ತಿದ್ದುಪಡಿ. ಕ್ರಮ ತಿರುಗುಮುರುಗಾದರೆ ಬಾಗಿದ ಗೆರೆಯನ್ನು ನೆಟ್ಟಗೆ ನಿಲ್ಲಿಸಲು ಹೆಣಗಬೇಕಾಗುತ್ತದೆ. ನಂತರ ಕತ್ತರಿಸುವಿಕೆ, ಬೆಳಕು, ಬಣ್ಣ, ಕೊನೆಗೆ ಶಾರ್ಪನಿಂಗ್, ಅಂದರೆ ಅಂಚುಗಳನ್ನು ಚೂಪು ಮಾಡುವುದು.

ಲಂಬ ತಿದ್ದುಪಡಿ ಏಕೆ ಅಲ್ಪವಾಗಿರಬೇಕು ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಚಿತ್ರದಲ್ಲಿ ಕಟ್ಟಡದ ತುದಿ ಬುಡದ ಅರ್ಧದಷ್ಟೇ ಅಗಲವಿದ್ದರೆ, ನೆಟ್ಟಗೆ ಮಾಡಲು ತುದಿಯನ್ನು ಎರಡು ಪಟ್ಟು ಹಿಗ್ಗಿಸಬೇಕು. ಇಲ್ಲದ ವಿವರವನ್ನು ತಂತ್ರಾಂಶ ಊಹಿಸಿ ತುಂಬುತ್ತದೆ. ಬುಡ ಚೂಪು, ಗೋಪುರ ಮಸುಕು. ಎರಡೂ ಬದಿಗಳು ಕತ್ತರಿಯ ಪಾಲಾಗುತ್ತವೆ. ಹತ್ತು ಮೀಟರ್ ಹಿಂದೆ ಸರಿದಿದ್ದರೆ ಅಷ್ಟೂ ಉಳಿಯುತ್ತಿತ್ತು. ಬಾಗಿಸದೆ ಬೇರೆ ದಾರಿಯೇ ಇರದಿದ್ದಾಗ ಬದಿಗಳಲ್ಲಿ ಧಾರಾಳವಾಗಿ ಜಾಗ ಬಿಟ್ಟು ತೆಗೆಯಿರಿ. ಬಹಳ ಎತ್ತರದ ಕಟ್ಟಡವನ್ನು ಪೂರ್ತಿ ಸಮಾನಾಂತರಕ್ಕೆ ತಂದರೆ ಅದರ ತಲೆ ದಪ್ಪಗಾದಂತೆ ತೋರುತ್ತದೆ. ಒಂದಿಷ್ಟು ಒಮ್ಮುಖ ಉಳಿಸಿದರೆ ಸಹಜವಾಗಿರುತ್ತದೆ. ಎಷ್ಟು ಎಂಬುದನ್ನು ಕಣ್ಣೇ ಹೇಳಬೇಕು.

ಶಾರ್ಪನಿಂಗ್ ವ್ಯಾಪ್ತಿಯನ್ನು (ರೇಡಿಯಸ್) 0.8ರಿಂದ 1 ಪಿಕ್ಸೆಲ್‌ನೊಳಗೆ ಇಟ್ಟು, ಮಾಸ್ಕ್ ಬಳಸಿ ಆಕಾಶ ಮತ್ತು ನುಣುಪು ಗೋಡೆಗಳನ್ನು ಅದರಿಂದ ಹೊರಗಿಡಿ. ಮಾಡಿನ ಅಂಚಿಗೂ ಆಕಾಶಕ್ಕೂ ನಡುವೆ ಬಿಳಿಗೆರೆ ಮೂಡಿದರೆ ಅತಿಯಾಯಿತೆಂದು ಅರ್ಥ. ಅಲುಗಿ ಮಸುಕಾದ ಚಿತ್ರವನ್ನು ಇದು ಉಳಿಸುವುದಿಲ್ಲ. ಚಿತ್ರವನ್ನು ಪರದೆಗಾಗಿ ಚಿಕ್ಕದು ಮಾಡಿದಾಗ ಅಂಚುಗಳು ಮತ್ತೆ ಸ್ವಲ್ಪ ಮೆತ್ತಗಾಗುತ್ತವೆ, ಆದ್ದರಿಂದ ಅಳತೆ ಇಳಿಸಿದ ಮೇಲೆ ಇನ್ನೊಮ್ಮೆ ಹಗುರವಾದ ಶಾರ್ಪನಿಂಗ್ ಬೇಕು. ಮುದ್ರಣಕ್ಕಾದರೆ, 6000 ಪಿಕ್ಸೆಲ್ ಅಗಲದ ಚಿತ್ರ ಇಂಚಿಗೆ 300 ಪಿಕ್ಸೆಲ್‌ನಂತೆ 20 ಇಂಚು ಅಗಲ ಬರುತ್ತದೆ. ಮ್ಯಾಟ್ ಕಾಗದ ಶಾಯಿಯನ್ನು ಹೀರಿಕೊಂಡು ಅಂಚನ್ನು ಮೃದು ಮಾಡುವುದರಿಂದ ಹೊಳಪು ಕಾಗದಕ್ಕಿಂತ ಅದಕ್ಕೆ ಶಾರ್ಪನಿಂಗ್ ತುಸು ಹೆಚ್ಚೇ ಇರಲಿ. ದೊಡ್ಡ ಪ್ರತಿ ಹಾಕಿಸುವ ಮೊದಲು ಕಟ್ಟಡದ ತುದಿ ಮತ್ತು ಬುಡ ಎರಡೂ ಬರುವಂತೆ ಚಿತ್ರದ ಒಂದು ಕಿರುಪಟ್ಟಿಯನ್ನು ಅದೇ ಕಾಗದದ ಮೇಲೆ, ಅದೇ ಅಳತೆಯಲ್ಲಿ ಮುದ್ರಿಸಿ ನೋಡಿ, ನಂತರ ಪೂರ್ತಿ ಹಾಳೆಗೆ ಹೋಗಿ.